ಬಿಸಿಲಿಗಿಟ್ಟ ಇಕ್ಕಳಗಳು

ಇಕ್ಕಳದ ಒಂದು ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ಇನ್ನೊಂದನ್ನು ಮೇಲಕ್ಕೆತ್ತಿ ಬಿಟ್ಟರೆ ಅದು ಇಳಿಯಬೇಕು, ಬೀಳಬಾರದು. ಅತ್ತೆ ಹೇಳುತ್ತಿದ್ದದ್ದು ಇಷ್ಟೇ. ಕೂತಲ್ಲೇ ತೂಕಡಿಸುವವರ ತಲೆ ಎದೆಯ ಮೇಲೆ ಬಾಗುತ್ತದಲ್ಲ, ಹಾಗೆ ತಾನಾಗಿ, ಯಾರ ಹಂಗೂ ಇಲ್ಲದೆ ಇಳಿದರೆ ಕೀಲು ಸರಿಯಿದೆ ಎಂದು ಅರ್ಥ. ದಪ್ಪೆಂದು ಬಿದ್ದರೆ ಸಡಿಲ. ಬೀಳದೆ ಎತ್ತಿದಲ್ಲೇ ನಿಂತುಬಿಟ್ಟರೆ ಅದು ದುಡಿಯುವವರ ಕೈಯ ಜೀವ ಹಿಂಡುವ ಸಾಮಾನು.

ಮಿಕ್ಕ ಪರೀಕ್ಷೆಗಳನ್ನು ಅತ್ತೆ ಬಾಯಿಬಿಟ್ಟು ಹೇಳಿದವಳಲ್ಲ. ಸೊಸೆ ನೋಡಿ ನೋಡಿ ಕಲಿತಿದ್ದಳು. ಇಕ್ಕಳದ ಬಾಯಿ ಮುಚ್ಚಿ ಕಿಟಕಿಯ ಬೆಳಕಿಗೆ ಹಿಡಿದಾಗ ಮೂತಿಯ ತುದಿಗಳು ಮೊದಲು ಕೂಡಿರಬೇಕು, ಅದರ ಹಿಂದೆ ಬೇಕಾದರೆ ಕೂದಲೆಳೆಯಷ್ಟು ಬೆಳಕು ಕಾಣಲಿ, ಹಿಡಿಯನ್ನು ಅಮುಕಿದಾಗ ಅದೂ ಆರಿಹೋಗಬೇಕು. ಕತ್ತರಿಸುವ ಅಂಚಿನ ಮೇಲೆ ಕಬ್ಬಿಣ ಉಜ್ಜುವ ಅರ ಆಡಿಸಿದರೆ ಅರ ಜಾರಬೇಕು. ಕಚ್ಚಿತೋ, ಉಕ್ಕಿನ ಹದ ಕೆಟ್ಟಿದೆ. ತೆಳು ಕಾಗದ ಕೊಟ್ಟರೆ ಅಂಚು ಅದನ್ನು ಕತ್ತರಿಸಬೇಕು, ಜಗಿಯಬಾರದು. ಕೊನೆಗೆ ಎರಡು ಹಿಡಿಗಳನ್ನೂ ಹಿಡಿದು ಅಡ್ಡಕ್ಕೆ ಒಮ್ಮೆ ಅಲುಗಿಸಿ ನೋಡಬೇಕು. ಅಲ್ಲಿ ಸಿಕ್ಕಿಬೀಳದ ಕಳ್ಳ ಇಕ್ಕಳವಿಲ್ಲ.

ಎಲ್ಲ ದಾಟಿ ಬಂದದ್ದರ ಕೀಲಿನ ಪಕ್ಕ ಅತ್ತೆ ಸಣ್ಣ ಕುಂಚದಿಂದ ಕೆಂಪು ಬಣ್ಣದ ಒಂದು ಚುಕ್ಕಿ ಇಡುತ್ತಿದ್ದಳು. ಬೀದಿಯ ತಿರುವಿನಲ್ಲಿದ್ದ ಆ ಇಕ್ಕಟ್ಟಾದ ಅಂಗಡಿಗೆ ಕಂಬ ಹತ್ತುವವರು, ಲಿಫ್ಟ್ ರಿಪೇರಿಯವರು, ತಂತಿ ಬೇಲಿ ಹೆಣೆಯುವವರು ಬರುತ್ತಿದ್ದದ್ದೇ ಆ ಚುಕ್ಕಿಗಾಗಿ. "ಚುಕ್ಕಿ ಇರೋ ಕಟಿಂಗ್ ಪ್ಲೇಯರ್ ಕೊಡಿ" ಎನ್ನುತ್ತಿದ್ದರೇ ಹೊರತು ಯಾವ ಕಂಪನಿಯದು ಎಂದು ಕೇಳುತ್ತಿರಲಿಲ್ಲ. ಅತ್ತೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಇಕ್ಕಳದಮ್ಮ ಎಂದು. ಅವಳ ನಿಜವಾದ ಹೆಸರು ಬೇಕೆಂದರೆ ಮಗನನ್ನೇ ಕೇಳಬೇಕು; ಅವನೋ ದೂರದ ಊರುಗಳಿಗೆ ಲಾರಿ ಓಡಿಸುತ್ತ, ಮನೆಗೆ ಬಂದಾಗ ನಿದ್ದೆ ಮಾಡುವವನು. ಅಂಗಡಿಯ ವಿಷಯ ಎತ್ತಿದರೆ "ನೀವು ಅತ್ತೆ ಸೊಸೆ ಏನಾದ್ರೂ ಮಾಡ್ಕೊಳ್ಳಿ, ನನ್ನನ್ನ ಬಿಟ್ಬಿಡಿ" ಎಂದು ಮಗ್ಗುಲಾಗುತ್ತಿದ್ದ.

ಅಂಗಡಿಯಲ್ಲಿ ಕುರ್ಚಿ ಇದ್ದದ್ದು ಒಂದೇ. ಅದು ಕಿಟಕಿಯ ಪಕ್ಕದಲ್ಲಿತ್ತು, ಅತ್ತೆಯದು. ಸೊಸೆ ನಿಂತೇ ಇರುತ್ತಿದ್ದಳು, ಗಿರಾಕಿಗಳಿಗೆ ಸಾಮಾನು ತೆಗೆದುಕೊಡುತ್ತ, ಕಪಾಟು ಒರೆಸುತ್ತ. ಈ ಮನೆಗೆ ಬಂದ ಹೊಸದರಲ್ಲಿ ಅತ್ತೆ ಅವಳ ಮುಖಕ್ಕಿಂತ ಮೊದಲು ಕೈ ಹಿಡಿದು ನೋಡಿದ್ದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಸಣ್ಣ ಕೈ" ಎಂದಿದ್ದಳು. ಅದು ಹೊಗಳಿಕೆಯೋ ತೆಗಳಿಕೆಯೋ ಸೊಸೆಗೆ ಇಂದಿಗೂ ತಿಳಿಯದು. ತಲೆಯಲ್ಲಿ ನೆರೆಗೂದಲು ಕಾಣಿಸಿಕೊಂಡ ಮೇಲೂ ಆ ಎರಡು ಮಾತು ಆಗಾಗ ನೆನಪಾಗಿ, ಕೈಯನ್ನು ತಾನೇ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಅತ್ತೆ ಪರೀಕ್ಷಿಸಿ ಬದಿಗಿಟ್ಟ ಇಕ್ಕಳಗಳನ್ನು ಕಪಾಟಿಗೆ ಜೋಡಿಸುವಾಗ ಪ್ರತಿಯೊಂದನ್ನೂ ಒಮ್ಮೆ ಎತ್ತಿ ಬಿಟ್ಟು ಮನಸ್ಸಿನಲ್ಲೇ ತೀರ್ಪು ಕೊಡುತ್ತಿದ್ದಳು. ಆ ತೀರ್ಪು ಅತ್ತೆಯದಕ್ಕೆ ತಾಳೆಯಾದಾಗ ಹೇಳಿಕೊಳ್ಳಲಾಗದ ಹಿಗ್ಗು. ಹೇಳಿಕೊಳ್ಳುವುದಾದರೂ ಯಾರ ಹತ್ತಿರ?

ಕಳೆದ ಬೇಸಿಗೆಯಲ್ಲಿ ಪಕ್ಕದ ಗಾಜಿನಂಗಡಿಯವನು ತಮಾಷೆಗೆ, "ಇಕ್ಕಳದಮ್ಮ, ಇನ್ನೆಷ್ಟು ದಿನ ಆ ಕುರ್ಚಿಗೆ ಅಂಟಿಕೊಂಡಿರ್ತೀರಿ?" ಎಂದು ಕೇಳಿದ್ದ.

"ನನ್ನ ಕೈ ತಪ್ಪೋವರೆಗೆ. ತಪ್ಪಿದ ದಿನ ನಾನೇ ಎದ್ದು ಹೋಗ್ತೀನಿ, ಯಾರೂ ಎಬ್ಬಿಸಬೇಕಾಗಿಲ್ಲ" ಎಂದಿದ್ದಳು ಅತ್ತೆ.

ಅವನು ನಕ್ಕು ಮರೆತ. ಸೊಸೆ ಮರೆಯಲಿಲ್ಲ. ಅತ್ತೆ ಆಡಿದ ಮಾತಿಗೆ ಎರಡು ಮಾತಿಲ್ಲ ಎಂದು ಅವಳಿಗೆ ಗೊತ್ತು. ಎಂದೋ ಒಮ್ಮೆ ಅತ್ತೆಯ ತಂಗಿಯ ಮನೆಯಲ್ಲಿ ಸಕ್ಕರೆಯ ವಿಷಯಕ್ಕೆ ಮಾತು ಬೆಳೆದು, "ನಿಮ್ಮ ಸಕ್ಕರೆನೇ ಬೇಡ ನಂಗೆ" ಎಂದು ಎದ್ದು ಬಂದವಳು ಅಂದಿನಿಂದ ಚಹಾವನ್ನು ಕಹಿಯಾಗಿಯೇ ಕುಡಿಯುತ್ತಿದ್ದಳು. ತಂಗಿ ಬಂದು ಕೈ ಹಿಡಿದು ಬೇಡಿಕೊಂಡರೂ ಚಹಾಕ್ಕೆ ಸಕ್ಕರೆ ಬೀಳಲಿಲ್ಲ. ಅಂಥವಳು ಅಂಗಡಿ ಬಿಟ್ಟರೆ? ರಜೆಯ ದಿನ ಮನೆಯಲ್ಲಿ ಅತ್ತೆ ಹೇಗಿರುತ್ತಾಳೆಂದು ಸೊಸೆ ನೋಡಿದ್ದಳು. ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಹಾಸಿಗೆಗೆ. ಬಸ್ಸು ಬರದ ನಿಲ್ದಾಣದಲ್ಲಿ ಕಾಯುವವರ ಹಾಗೆ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಮೈ ಕೂಡ ಸಣ್ಣದಾದಂತೆ ಕಾಣುತ್ತಿತ್ತು.

ಆ ದಿನ ಬೆಳಿಗ್ಗೆ ವಿಪರೀತ ಚಳಿ. ಷಟರ್ ಎತ್ತುವಾಗ ಅದು ಕೈಗೆ ಅಂಟಿಕೊಳ್ಳುವಷ್ಟು ತಣ್ಣಗಿತ್ತು. ಕಂಪನಿಯ ಏಜೆಂಟ್ ರಟ್ಟಿನ ಪೆಟ್ಟಿಗೆ ಹೊತ್ತು ಬಂದ. ಕಡು ಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳುವ ಅವನಿಗೆ ಅತ್ತೆ ಸೊಸೆ ಇಟ್ಟ ಹೆಸರೇ ಮಫ್ಲರ್. ಅಂದು ಮಾತ್ರ ಅವನ ಮಫ್ಲರಿಗೂ ಒಂದು ಅರ್ಥ ಬಂದಿತ್ತು.

"ಅಮ್ಮಾ, ನಿಮಗೋಸ್ಕರ ಬೇರೆ ತೆಗೆದಿಟ್ಟಿದ್ದು. ಇನ್ಯಾವ ಅಂಗಡಿಗೂ ತೋರಿಸಿಲ್ಲ" ಎಂದ.

"ಹೌದಪ್ಪ, ಎಲ್ಲ ಅಂಗಡೀಲೂ ಇದನ್ನೇ ಹೇಳಿ ಹೇಳಿ ನಿನ್ನ ನಾಲಗೆ ಇನ್ನೂ ಸವೆದಿಲ್ಲ ನೋಡು, ಅದು ಗಟ್ಟಿ ಮಾಲು. ತೆಗಿ ಪೆಟ್ಟಿಗೆ."

ಹೊಸ ಮಾಲು ಬಂದಾಗ ಮೊದಲ ಕೆಲಸ, ಕೀಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸುವುದು. ಅದಾಗದೆ ಪರೀಕ್ಷೆಯಿಲ್ಲ. ಅದನ್ನೂ ಅತ್ತೆಯೇ ಮಾಡಬೇಕು. ತನಗಿಂತ ಮುಂಚೆ ಬೇರೆ ಕೈ ಸೋಕಿದ ಇಕ್ಕಳ ತನ್ನೊಂದಿಗೆ ಸರಿಯಾಗಿ ಮಾತಾಡುವುದಿಲ್ಲ ಎನ್ನುತ್ತಿದ್ದಳು. ಸೊಸೆ ಸೀಮೆಎಣ್ಣೆಯ ಬಟ್ಟಲು ತಂದಿಟ್ಟಳು. ಅತ್ತೆ ಬೆರಳುಗಳನ್ನು ನೋಡಿಕೊಂಡಳು. ಚಳಿಗೆ ತುದಿಗಳೆಲ್ಲ ಸೀಳಿ, ಹೆಬ್ಬೆರಳಿನ ಬಿರುಕಿನಲ್ಲಿ ಕೆಂಪು ಕಾಣುತ್ತಿತ್ತು.

ಮಫ್ಲರ್ ಅದನ್ನು ಗಮನಿಸಿದ. "ತೊಳೆಯೋದೇನೂ ಬೇಡಮ್ಮ. ಈ ಸಲ ಫ್ಯಾಕ್ಟರಿಯಲ್ಲೇ ತೊಳೆದು ಒರೆಸಿ ಕಳಿಸಿದ್ದಾರೆ."

ಅತ್ತೆ ಸೀಮೆಎಣ್ಣೆಯ ಬಟ್ಟಲನ್ನು ಬದಿಗೆ ಸರಿಸಿದಳು. ಆಮೇಲೆ, "ಸರಿ ಬಿಡು" ಎಂದಳು.

ಆ "ಸರಿ ಬಿಡು" ಸೊಸೆಯ ಕಿವಿಗೆ ಹೊಸದಾಗಿತ್ತು.

ಮೊದಲ ಇಕ್ಕಳ ಎತ್ತಿ ಬಿಟ್ಟಳು ಅತ್ತೆ. ಹಿಡಿ ನಿಧಾನವಾಗಿ ಇಳಿಯಿತು. ಬೆಳಕಿಗೆ ಹಿಡಿದಳು, ಅರ ಆಡಿಸಿದಳು, ಕಾಗದ ಕತ್ತರಿಸಿದಳು, ಅಡ್ಡಕ್ಕೆ ಅಲುಗಿಸಿದಳು. ಚುಕ್ಕಿ ಇಟ್ಟು ತಟ್ಟೆಗೆ ಹಾಕಿದಳು. ಎರಡನೆಯದೂ ಹಾಗೆಯೇ. ಮೂರನೆಯದೂ. "ಪರವಾಗಿಲ್ಲವೋ ನಿನ್ನ ಕಂಪನಿಯವರು, ಬುದ್ಧಿ ಬಂದಿದೆ" ಎಂದಳು. ಮಫ್ಲರ್ ಗಿರಾಕಿಗಳ ಬೆಂಚಿನ ಮೇಲೆ ಕಾಲು ಚಾಚಿ ಕೂತ.

ತಟ್ಟೆ ಸರಿಸಲು ಹೋದ ಸೊಸೆ ಅಭ್ಯಾಸದಂತೆ ಒಂದನ್ನು ಎತ್ತಿದಳು. ಚುಕ್ಕಿಗೆ ಬೆರಳು ತಾಗದಂತೆ ಹಿಡಿಗಳನ್ನು ಅಡ್ಡಕ್ಕೆ ಒತ್ತಿದಳು. ಕೀಲು ಅಲುಗಿತು. ಸ್ವಲ್ಪವೇ, ಅಲುಗಾಡುವ ಹಲ್ಲನ್ನು ನಾಲಗೆ ಮುಟ್ಟಿದಾಗ ತಿಳಿಯುವಷ್ಟು. ಇನ್ನೊಂದನ್ನು ಎತ್ತಿದಳು. ಅದೂ ಅಲುಗಿತು. ಕೀಲಿನ ಸಂದಿಯಿಂದ ಕಪ್ಪು ದಾರದಂತೆ ಗ್ರೀಸ್ ಇಣುಕುತ್ತಿತ್ತು. ಅವಳಿಗೆ ಎಲ್ಲ ಅರ್ಥವಾಯಿತು. ಸಡಿಲ ಕೀಲಿಗೆ ದಪ್ಪ ಗ್ರೀಸ್ ತುಂಬಿದ್ದಾರೆ, ಚಳಿಗೆ ಅದು ಮೇಣದಂತೆ ಗಟ್ಟಿಯಾಗಿದೆ. ಹಿಡಿಯನ್ನು ನಿಧಾನವಾಗಿ ಇಳಿಸುತ್ತಿದ್ದದ್ದು ಕೀಲಲ್ಲ, ಗ್ರೀಸ್. ಅತ್ತೆಯ ಬಿರಿದ, ಮರಗಟ್ಟಿದ ಬೆರಳುಗಳಿಗೆ ಆ ಅಲುಗಾಟ ತಿಳಿದಿಲ್ಲ.

ಆಗ ಸೊಸೆಯ ಎದೆಯಲ್ಲಿ ಮೊದಲು ಎದ್ದದ್ದು ಭಯವಲ್ಲ, ಸಂತೋಷ. ನನಗೆ ಗೊತ್ತಾಯಿತು, ಅವರಿಗೆ ಗೊತ್ತಾಗಲಿಲ್ಲ. ಇಷ್ಟು ವರ್ಷ ಒಳಗೇ ಕೊಟ್ಟುಕೊಂಡ ತೀರ್ಪುಗಳೆಲ್ಲ ಒಮ್ಮೆಲೇ ಎದ್ದು ನಿಂತ ಹಾಗಾಯಿತು. ಆ ಸಂತೋಷ ಕಣ್ಣಿಗೆ ಬಿದ್ದ ಮರುಗಳಿಗೆಯೇ ಅವಳಿಗೆ ನಾಚಿಕೆಯಾಯಿತು, ಕದ್ದು ತಿನ್ನುವಾಗ ಯಾರೋ ಬಾಗಿಲು ತೆರೆದ ಹಾಗೆ. ಭಯ ಬಂದದ್ದು ಆಮೇಲೆ.

ಹೇಳದೆ ಬಿಟ್ಟರೆ ಈ ಇಕ್ಕಳಗಳು ಚುಕ್ಕಿ ಹೊತ್ತು ಕಂಬದ ಮೇಲೆ ಹೋಗುತ್ತವೆ. ಬಿಗಿಯಾಗಿ ಎಳೆದ ತಂತಿಯನ್ನು ಕಚ್ಚಿ ಹಿಡಿಯಬೇಕಾದ ಬಾಯಿ ಓರೆಯಾಗಿ ಜಾರಿದರೆ ಏನಾಗುತ್ತದೆಂದು ಯೋಚಿಸುವುದೇ ಬೇಡ. ಹೇಳಿದರೆ, ಅದೂ ಮಫ್ಲರಿನ ಎದುರಿಗೆ, ಅತ್ತೆ ಕುರ್ಚಿಯಿಂದ ಏಳುತ್ತಾಳೆ. ಎದ್ದವಳು ಮತ್ತೆ ಕೂರುವುದಿಲ್ಲ.

ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಆಗತಾನೆ ಬಿಸಿಲು ಬಿದ್ದಿತ್ತು.

"ಅತ್ತೆ, ಈ ಚಳಿಗೆ ಬಣ್ಣ ಒಣಗ್ತಾನೇ ಇಲ್ಲ. ತಟ್ಟೆನ ಬಿಸಿಲಿಗಿಡ್ತೀನಿ" ಎಂದಳು ಸೊಸೆ.

"ಇಡು. ಹಾಗೇ ಇವನಿಗೆ ಒಂದು ಲೋಟ ಚಹಾ ಕೊಡು. ಇಲ್ಲಾಂದ್ರೆ ಮಫ್ಲರ್‌ನೇ ಅಗೀತಾನೆ."

ಚಹಾ ಕುದಿಯಿತು, ಕುಡಿದದ್ದೂ ಆಯಿತು. ಮಫ್ಲರ್ ತನ್ನ ಭಾವನ ಹೊಸ ಮನೆಯ ಸೋರುವ ಛಾವಣಿಯ ಕತೆ ಹೇಳಿದ. ಸೊಸೆ ಕೌಂಟರನ್ನು ಒರೆಸಿದ್ದನ್ನೇ ಒರೆಸಿದಳು. ಅವಳ ಜೀವವೆಲ್ಲ ಆ ತಟ್ಟೆಯಲ್ಲಿತ್ತು. ಒಣಗಿದ ಇಕ್ಕಳಗಳನ್ನು ಕಾಗದದಲ್ಲಿ ಸುತ್ತುವವಳು ಅತ್ತೆಯೇ. ಬಿಸಿಲಿಗೆ ಗ್ರೀಸ್ ಕರಗಿದರೆ ಸಾಕು, ಅತ್ತೆಯ ಕೈ ತಾನೇ ಕಂಡುಕೊಳ್ಳಲಿ.

ಬಿಸಿಲು ಬಲಿತ ಮೇಲೆ ಅತ್ತೆ ತಟ್ಟೆಯನ್ನು ಮಡಿಲಿಗೆ ತೆಗೆದುಕೊಂಡಳು. ಒಂದನ್ನು ಎತ್ತಿದಳು. ಅದರ ಇನ್ನೊಂದು ಹಿಡಿ ದಪ್ಪೆಂದು ಬಿತ್ತು.

ಅತ್ತೆ ಅಲುಗಲಿಲ್ಲ. ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿದಳು. ದಪ್. ಮತ್ತೊಂದು. ದಪ್. ಬಟ್ಟೆಚೂರು ತೆಗೆದು ಕೀಲನ್ನು ಒರೆಸಿ ನೋಡಿದಳು. ಕರಗಿದ ಗ್ರೀಸ್ ಕಪ್ಪಗೆ ಹತ್ತಿಕೊಂಡಿತು. ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು.

"ತೊಳೆದು ಒರೆಸಿ ಕಳಿಸಿದ್ದಾರೆ ಅಂದ್ಯಲ್ಲಪ್ಪ" ಎಂದಳು ಮೆಲ್ಲಗೆ.

ಮಫ್ಲರ್ ಕಾಲು ಮಡಚಿ ನೆಟ್ಟಗೆ ಕೂತ. "ನಾನು ಹೊರೋನಮ್ಮ, ಮಾಡೋನಲ್ಲ. ಅವರು ಹೇಳಿದ್ದನ್ನ ಹೇಳ್ದೆ. ಅದೂ ಅಲ್ದೆ, ಆಗ್ಲೇ ಸರಿ ಇದೆ ಅಂದ್ರಿ, ಚುಕ್ಕಿನೂ ಇಟ್ರಿ."

"ಇಟ್ಟೆ. ಇಟ್ಟ ಕೈಯಲ್ಲೇ ಅಳಿಸ್ತೀನಿ. ಕೂತ್ಕೋ."

ಸೀಮೆಎಣ್ಣೆಯ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡಳು. ಬಟ್ಟೆ ಅದ್ದಿ ಒಂದೊಂದೇ ಚುಕ್ಕಿಯನ್ನು ಉಜ್ಜಿ ಅಳಿಸತೊಡಗಿದಳು. ಸೀಮೆಎಣ್ಣೆ ಬಿರುಕಿಗೆ ಇಳಿದಾಗಲೆಲ್ಲ ಅವಳ ಕಣ್ಣಂಚು ಕಿರಿದಾಗುತ್ತಿತ್ತು. "ಕೊಡಿ ಅತ್ತೆ, ನಾನು ಮಾಡ್ತೀನಿ" ಎಂದು ಸೊಸೆ ಕೈ ಚಾಚಿದಳು. ಅತ್ತೆ ತಲೆ ಎತ್ತದೆ ತಟ್ಟೆಯನ್ನು ತನ್ನ ಕಡೆಗೆ ಇನ್ನಷ್ಟು ಎಳೆದುಕೊಂಡಳು. ಕೊನೆಯದೂ ಮುಗಿದ ಮೇಲೆ ಮಫ್ಲರ್ ಪೆಟ್ಟಿಗೆ ಕಟ್ಟಿ ಹೊತ್ತುಕೊಂಡ. ಬಾಗಿಲಲ್ಲಿ ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡು ಹೊರಟುಹೋದ.

"ನಿಂಗೆ ಯಾವಾಗ ಗೊತ್ತಾಯ್ತು?" ಅತ್ತೆ ಕೇಳಿದಳು.

ಸೊಸೆಗೆ ಸುಳ್ಳು ಹೊಳೆಯಲಿಲ್ಲ. "ತಟ್ಟೆ ಸರಿಸುವಾಗ."

"ಅದಕ್ಕೇ ನೀನು ಬಿಸಿಲಿಗೆ ಇಟ್ಟೆ."

"ಹೂಂ."

"ತಪ್ಪಾಗಿದೆ ಅತ್ತೆ ಅಂತ ಬಾಯಲ್ಲಿ ಹೇಳೋಕ್ಕಾಗ್ಲಿಲ್ವಾ? ಮಗೂಗೆ ಆಟದ ಸಾಮಾನು ಕೊಟ್ಟು ಕೂರಿಸ್ತಾರಲ್ಲ, ಹಾಗೆ ಮಾಡ್ದೆ ನೀನು."

"ಅವನ ಮುಂದೆ ಹೇಗೆ ಹೇಳ್ಲಿ..."

"ಅವನ್ಯಾರು? ಇವತ್ತು ಬರ್ತಾನೆ, ನಾಳೆ ಇನ್ನೊಬ್ಬ ಬರ್ತಾನೆ. ನಾನು ಕೇಳ್ತಿರೋದು ನಿನ್ನ ಬಗ್ಗೆ ಕಣೇ." ಅತ್ತೆಯ ದನಿ ಏರಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು. ಕುರ್ಚಿಯ ಕೈಗಳನ್ನು ಹಿಡಿದು ಎದ್ದಳು. ಅಂಗಡಿಯ ಕೀಲಿಕೈಯನ್ನು ಕೌಂಟರಿನ ಮೇಲಿಟ್ಟು, ಚೀಲ ತೆಗೆದುಕೊಂಡು, ಬಿಸಿಲಿಗಿಳಿದು ಮನೆಯ ಕಡೆ ನಡೆದಳು.

ಮರುದಿನ ಅತ್ತೆ ಬರಲಿಲ್ಲ. ಅದರ ಮರುದಿನವೂ. "ಇಕ್ಕಳದಮ್ಮ ಎಲ್ಲಿ?" ಎಂದವರಿಗೆ ಸೊಸೆ "ಚಳಿ, ಕೈ ಒಡೆದಿದೆ" ಎಂದು ಹೇಳುತ್ತಿದ್ದಳು. ಕುರ್ಚಿ ಖಾಲಿಯಿದ್ದರೂ ನಿಂತೇ ಇದ್ದಳು. ಕಪಾಟಿನಲ್ಲಿದ್ದ ಚುಕ್ಕಿಯವು ಮುಗಿಯುತ್ತ ಬಂದವು. ಬೇರೆ ಕಂಪನಿಯಿಂದ ಬಂದ ಮಾಲನ್ನು ಅವಳೇ ತೊಳೆದು ಒರೆಸಿ ನೋಡಿದಳು. ಒಳ್ಳೆಯವು ಯಾವುವೆಂದು ಅವಳಿಗೆ ಸಲೀಸಾಗಿ ತಿಳಿಯಿತು. ಆದರೂ ಕುಂಚ ಎತ್ತಲು ಕೈ ಬರಲಿಲ್ಲ. ಚುಕ್ಕಿ ಇಟ್ಟರೆ ಅದು ಅತ್ತೆಯ ಸಹಿಯನ್ನು ಕದ್ದು ಹಾಕಿದಂತೆ. ಇಡದಿದ್ದರೆ ಅಂಗಡಿಯೇ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ಷಟರ್ ಅರ್ಧ ಎಳೆದು ಮನೆಗೆ ಬಂದಳು. ಅತ್ತೆ ಕಿಟಕಿಯ ಬಳಿ ಕೂತಿದ್ದಳು. ಬೆರಳುಗಳಿಗೆ ಎಣ್ಣೆ ಸವರಿದ್ದಳು. ಸೊಸೆ ಚಪ್ಪಲಿ ಬಿಟ್ಟು ನೇರ ಎದುರಿಗೆ ಬಂದು ನಿಂತಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮೆದು ಮಾತುಗಳೆಲ್ಲ ಬಾಗಿಲಲ್ಲೇ ಉಳಿದವು.

"ಬಾಯಲ್ಲಿ ಹೇಳು ಅಂದ್ರಿ. ಹೇಳ್ತೀನಿ. ನಿಮ್ಮ ಬೆರಳು ಜಡವಾಗಿದೆ ಅತ್ತೆ. ಇವತ್ತು ನಿನ್ನೆಯಿಂದ ಅಲ್ಲ. ಕಣ್ಣಿಗೆ ಏನೂ ಆಗಿಲ್ಲ. ಬೆಳಕಿಗೆ ಹಿಡಿದು ನೋಡೋದ್ರಲ್ಲಿ ನಾನು ನಿಮ್ಮ ಹತ್ತಿರಕ್ಕೂ ಬರಲ್ಲ. ಆದ್ರೆ ಕೀಲು ನಿಮಗೆ ಗೊತ್ತಾಗ್ತಿಲ್ಲ."

ಅತ್ತೆ ಅವಳನ್ನೇ ನೋಡುತ್ತಿದ್ದಳು.

"ಇನ್ನೂ ಇದೆ. ನೀವು ತಪ್ಪಿದಾಗ ನಂಗೆ ಖುಷಿ ಆಯ್ತು. ಒಂದು ಗಳಿಗೆ. ಆಮೇಲೆ ಹೆದರಿಕೆ ಆಯ್ತು ಅನ್ನೋದೂ ನಿಜ, ಆದ್ರೆ ಮೊದಲು ಖುಷಿನೇ ಆಯ್ತು. ಆ ಕುರ್ಚಿ ನಂಗೆ ಬೇಕಿತ್ತು ಅತ್ತೆ. ಬಹಳ ಕಾಲದಿಂದ ಬೇಕಿತ್ತು."

ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು ಕೇಳುತ್ತಿತ್ತು.

"ಕೂತ್ಕೋ. ನಿಂತು ನಿಂತು ನಿನ್ನ ಕಾಲು ಕಂಬವಾಗಿದೆ" ಎಂದಳು ಅತ್ತೆ ಕೊನೆಗೆ. ಸೊಸೆ ಹಾಸಿಗೆಯ ಅಂಚಿನಲ್ಲಿ ಕೂತಳು. "ಮೊದಲೇ ಕೇಳಿದ್ರೆ ಕೊಡ್ತಿದ್ದೆ ಅಂತ ನಾನು ಸುಳ್ಳು ಹೇಳಲ್ಲ. ಕೊಡ್ತಿರ್ಲಿಲ್ಲ. ನಿನ್ನ ಕೈ ಒಳ್ಳೇದು ಅಂತ ನಂಗೆ ಗೊತ್ತಿತ್ತು. ಗೊತ್ತಿತ್ತು ಅಂತಾನೇ ಕೊಡ್ತಿರ್ಲಿಲ್ಲ."

ಸೊಸೆ ತನಗೆ ಅಳು ಬರುವುದೆಂದುಕೊಂಡಳು, ಬರಲಿಲ್ಲ. ಬದಲಿಗೆ ಹಸಿವಾಯಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

"ಕುರ್ಚಿಗೆ ನಾನು ಬರಲ್ಲ, ಆಡಿದ ಮಾತು ಆಡಿದ್ದೇ" ಎಂದಳು ಅತ್ತೆ, ಎಣ್ಣೆಯ ಬಟ್ಟಲಿನ ಮುಚ್ಚಳ ಹಾಕುತ್ತ. "ಗಿರಾಕಿ ಬೆಂಚಿಗೆ ಬರ್ತೀನಿ. ಅಲ್ಲಿ ಯಾರು ಬೇಕಾದ್ರೂ ಬಂದು ಕೂರಬಹುದು. ನಾಳೆ ಅದನ್ನ ಒರೆಸಿಡು, ಆ ಮಫ್ಲರ್ ಕೂತು ಕೂತು ಜಿಡ್ಡು ಮಾಡಿದ್ದಾನೆ."

ಮರುದಿನ ಸೊಸೆ ಕುರ್ಚಿಯಲ್ಲಿ ಕೂತಳು. ಆಸನ ಅತ್ತೆಯ ಮೈಗೆ ತಕ್ಕಂತೆ ತಗ್ಗಾಗಿದ್ದರಿಂದ ಒಂದು ಕಡೆಗೆ ವಾಲುವಂತಾಗುತ್ತಿತ್ತು. ಅತ್ತೆ ಬೆಂಚಿನಲ್ಲಿ ಕೂತು, ಯಾವ ಗಿರಾಕಿಯೂ ಮಾಡದಷ್ಟು ಕಿರಿಕಿರಿ ಮಾಡಿದಳು. ಕಿಟಕಿ ಒರೆಸಿಲ್ಲ, ಅರವನ್ನು ಹಾಗಲ್ಲ ಹಿಡಿಯೋದು, ಬಟ್ಟಲು ಎಡಗಡೆ ಇಡು.

ಸೊಸೆ ತೊಳೆದ ಇಕ್ಕಳವೊಂದನ್ನು ಎತ್ತಿದಾಗ ತಡೆದಳು. "ಏನದು, ನನ್ನ ಹಾಗೆ ಹಿಡೀತಿದ್ದೀಯ? ಅದು ನನ್ನ ಕೈ ಅಳತೆ. ನಿನ್ನ ಕೈಯಲ್ಲಿ ಹಿಡಿ."

ಸೊಸೆ ಹಿಡಿತ ಬದಲಿಸಿದಳು. ಬೆರಳುಗಳನ್ನು ಕೀಲಿಗೆ ಹತ್ತಿರ ತಂದಳು. ತೂಕವೇ ಬೇರೆಯಾಯಿತು, ಬೇರೆ ಇಕ್ಕಳದಂತೆ.

ಅಷ್ಟರಲ್ಲಿ ಕಂಬ ಹತ್ತುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಂದಳು. ಭುಜದ ಮೇಲೆ ಹಗ್ಗದ ಸುರುಳಿ, ಕೈಯಲ್ಲಿ ದೊಡ್ಡ ಚೀಲ. ತನಗೊಂದು ಕಟಿಂಗ್ ಪ್ಲೇಯರ್ ಬೇಕು, ಗಟ್ಟಿಯಾದದ್ದು, ಬೆಲೆ ಎಷ್ಟಾದರೂ ಸರಿ ಎಂದಳು.

ಅತ್ತೆ ಬೆಂಚಿನಿಂದಲೇ ತಟ್ಟೆಯತ್ತ ಬೊಟ್ಟು ಮಾಡಿದಳು. "ಆ ನೀಲಿ ಹಿಡೀದು ಕೊಡು. ಉಕ್ಕು ಅಂದ್ರೆ ಅದು. ಅಂಚು ನೋಡಿದ್ದೀನಿ, ಕೂದಲು ಕತ್ತರಿಸತ್ತೆ. ಇರೋದ್ರಲ್ಲಿ ಬೆಲೆಬಾಳೋದು ಅದೊಂದೇ."

ಸೊಸೆ ಅದನ್ನು ಎತ್ತಿ ಬಿಟ್ಟಳು. ಹಿಡಿ ನಿಧಾನವಾಗಿ ಇಳಿಯಿತು. ಅತ್ತೆಯ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಆದರೆ ಹುಡುಗಿಯ ಕೈಯನ್ನು ನೋಡಿದಳು. ಚಿಕ್ಕದು, ತನ್ನದಕ್ಕಿಂತಲೂ. ದಿನವಿಡೀ ಕಂಬದ ಮೇಲೆ ಕೂತು ಒಂದೇ ಕೈಯಲ್ಲಿ ತೆರೆದು ಮುಚ್ಚಬೇಕಾದವಳು.

"ಇಲ್ಲ ಅತ್ತೆ, ಇದು ಬೇಡ" ಎಂದಳು.

"ಏನಂದೆ?"

"ಇದು ಬೇಡ ಅಂದೆ. ಮಾಲು ಒಳ್ಳೇದೇ, ಈ ಕೈಗಲ್ಲ. ಹಿಡಿ ಅಗಲ ಜಾಸ್ತಿ, ತೆರೆದ್ರೆ ಇವಳ ಬೆರಳು ಸುತ್ತ ಬರಲ್ಲ. ಕೀಲು ಇನ್ನೊಂದು ಚೂರು ಹಗುರ ಬೇಕು."

"ಹಗುರ ಅಂದ್ರೆ ಸಡಿಲ."

"ಹಗುರ ಬೇರೆ, ಸಡಿಲ ಬೇರೆ."

"ನಂಗೆ ಪಾಠ ಹೇಳ್ತೀಯಾ? ತಾ ಇಲ್ಲಿ." ಅತ್ತೆ ಬೆಂಚಿನಿಂದ ಕೈ ಚಾಚಿದಳು. ಸೊಸೆ ಕೊಡಲಿಲ್ಲ. ಮೊದಲು ತಟ್ಟೆಯಿಂದ ಇನ್ನೊಂದನ್ನು, ಕಪ್ಪು ಹಿಡಿಯ ಗಿಡ್ಡನೆಯದನ್ನು ಆರಿಸಿ, ಎರಡನ್ನೂ ಒಟ್ಟಿಗೆ ಹುಡುಗಿಯ ಕೈಗಿಟ್ಟಳು. ಅತ್ತೆ ಎದ್ದು ಬಂದು ಹುಡುಗಿಯ ಬೆರಳುಗಳನ್ನು ನೀಲಿ ಹಿಡಿಯ ಸುತ್ತ ತಾನೇ ಕೂರಿಸಲು ನೋಡಿದಳು. ಅವು ಕೂರಲಿಲ್ಲ. "ಅಭ್ಯಾಸ ಆದ್ರೆ ಸರಿಹೋಗತ್ತೆ" ಎಂದಳು. "ಅಭ್ಯಾಸ ಆಗೋಷ್ಟರಲ್ಲಿ ಮಣಿಕಟ್ಟು ಹೋಗತ್ತೆ" ಎಂದಳು ಸೊಸೆ. "ನನ್ನ ಮಣಿಕಟ್ಟು ಹೋಯ್ತಾ?" "ನಿಮ್ಮದು ದೊಡ್ಡ ಕೈ ಅತ್ತೆ, ನೀವು ಕಂಬಾನೂ ಹತ್ತಿಲ್ಲ."

ಹುಡುಗಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಇದು ಬೇಗ ಮುಗಿಯುವ ಲಕ್ಷಣ ಕಾಣಲಿಲ್ಲ. ಹಗ್ಗದ ಸುರುಳಿಯನ್ನು ಭುಜದಿಂದ ಇಳಿಸಿ, ಖಾಲಿಯಾಗಿದ್ದ ಬೆಂಚಿನ ಮೇಲೆ ಹಾಯಾಗಿ ಕೂತು, ಎರಡು ಇಕ್ಕಳಗಳನ್ನೂ ಒಂದಾದ ಮೇಲೊಂದರಂತೆ ತೆರೆದು ಮುಚ್ಚತೊಡಗಿದಳು.